ಅತ್ತೆ ಕೊಡಿಸಿದ ಗಂಡಸರ ಶೂ

ಮೇಲಿನ ಮನೆಯ ಹುಡುಗಿ ಭಾನುವಾರ ಸಂಜೆ ಮೆಟ್ಟಿಲ ಮೇಲೆ ಕೂತು ಶಾಲೆಯ ಕ್ಯಾನ್ವಾಸ್ ಶೂಗೆ ಬಿಳಿ ಪಾಲಿಶ್ ಹಚ್ಚುತ್ತಾಳೆ. ಆ ವಾಸನೆ ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತದೆ. ಒದ್ದೆ ಸುಣ್ಣದ ಹಾಗೆ, ಅದರೊಳಗೆ ಒಂಚೂರು ರಬ್ಬರಿನ ಹಾಗೆ... ಹೋದ ವಾರ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು. ಸೀಯಲಿ ಬಿಡಿ. ನನಗೆ ಅತ್ತೆ ನೆನಪಾಗಿದ್ದಳು.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಮೊರಪ್ಪೂರಿನ ಆಚೆ ಒಂದು ಹಳ್ಳಿಗೆ ಮದುವೆ ಮಾಡಿ ಕಳಿಸಿದ್ದರಂತೆ. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಸ್ಟೇಷನ್ನಿಗೆ ನಡೆದು ಬಂದು, ರೈಲು ಹತ್ತಿ, ಸೇಲಂನಲ್ಲಿ ಇಳಿದು ಮನೆಗೆ ಬಂದಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಕರೆದುಕೊಂಡು ಹೋಗಲು ಬಂದವರಿಗೆ "ಓಗಲ್ಲ" ಅಂದಳಂತೆ, ಅಷ್ಟೇ. ಹೊಂದಿಕೊಂಡು ಹೋಗಬೇಕು ಅಂತ ಬೀದಿಯ ಹಿರಿಯರೆಲ್ಲ ಬಂದು ಬುದ್ಧಿ ಹೇಳಿ, ಕಾಫಿ ಕುಡಿದು ಎದ್ದು ಹೋದರು. ಅತ್ತೆ ಮಗ್ಗದಿಂದ ಏಳಲಿಲ್ಲ. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನಾನು ಕಂಡ ಅತ್ತೆ ನರೆಗೂದಲಿನ, ಎಲೆಯಡಿಕೆ ಹಾಕುವ, ದೊಡ್ಡ ಗಂಟಲಿನ ಹೆಂಗಸು. ಬಹುವಚನ ಹಚ್ಚಿ ಮಾತಾಡಿಸಿದರೆ, ಬೇರೆ ಯಾರೋ ಬಂದರೇನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಅದಕ್ಕೇ ಈಗಲೂ ಅವಳು ಅಂತಲೇ ಬರೆಯುತ್ತೇನೆ.

ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತಮಿಳು ಮಾತಾಡುವ ಸೇಲಂ ನೇಕಾರರ ಬೀದಿ ನಮ್ಮದು, ಗುಂಡಿಮಗ್ಗದ ಮನೆ. ನೆಲದಲ್ಲಿ ಗುಂಡಿ. ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಲಾಳಿ ಓಡಿಸಬೇಕು. ಹಲಗೆ ಜಾರದಂತೆ ಹೆಬ್ಬೆರಳಿನಿಂದ ಹಿಡಿಯಬೇಕು. ಚಿಕ್ಕಂದಿನಿಂದ ಹಾಗೆ ತುಳಿದವರ ಪಾದ ಮುಂದೆ ಅಗಲವಾಗುತ್ತದೆ, ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಅಪ್ಪನದೂ ಹಾಗೇ, ಅತ್ತೆಯದೂ ಹಾಗೇ. ಶಾಲೆ ಬಿಟ್ಟು ಬಂದು ಅತ್ತೆಯ ಮಗ್ಗದಲ್ಲಿ ಕೂರುತ್ತಿದ್ದ ನನ್ನದೂ ಹಾಗೇ ಆಯಿತು. ನಮ್ಮ ಬೀದಿಯಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಎಲ್ಲರ ಕಾಲೂ ಒಂದೇ ನಮೂನೆ. ರಬ್ಬರ್ ಚಪ್ಪಲಿಗೆ ಅಗಲವೇನು, ಉದ್ದವೇನು? ಬೆರಳು ಆಚೆ ಹೋದರೆ ಹೋಗಲಿ ಅಂತ ಮೆಟ್ಟಿಕೊಂಡು ಓಡಾಡುತ್ತಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ, ಪ್ಲಸ್ ಟೂ ಮುಗಿಸಿದ ನನಗೆ ಊರಿನ ಆಸ್ಪತ್ರೆಯಲ್ಲೇ ನರ್ಸ್ ಟ್ರೈನಿಂಗ್‌ಗೆ ಸೀಟು ಸಿಕ್ಕಿತು. ನಮ್ಮ ಬೀದಿಯಿಂದ ಹಾಗೆ ಹೊರಟವಳು ನಾನೇ ಮೊದಲು. ಅಮ್ಮನಿಗೆ ಅರ್ಧ ಸಂತೋಷ, ಅರ್ಧ ಸಂಕಟ. ಮಗ್ಗಕ್ಕೆ ಒಂದು ಆಳು ಕಡಿಮೆಯಾಗುತ್ತದಲ್ಲ. ಬಿಳಿ ಶೂ ಹಾಕಿಕೊಂಡೇ ಬರಬೇಕು, ಮುಂದೆ ಮುಚ್ಚಿರಬೇಕು, ಚಪ್ಪಲಿ ಕೂಡದು ಎಂದು ಅಲ್ಲಿಂದ ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಶೂ ಹಾಕಿದವರಲ್ಲ.

ಆ ದಿನಗಳಲ್ಲಿ ಅತ್ತೆ ಊರಲ್ಲಿರಲಿಲ್ಲ. ಕೊಳತ್ತೂರಿನಲ್ಲಿ ನೆಂಟರ ಮಗಳ ಬಾಣಂತನ ಮಾಡಲು ಹೋಗಿದ್ದಳು. ಮಗ್ಗದ ಮೇಲಿದ್ದ ಸೀರೆಯನ್ನು ಟ್ರೈನಿಂಗ್ ಶುರುವಾಗುವ ಮೊದಲು ನಾನು ಮುಗಿಸಬೇಕಿತ್ತು, ಹಾಗಾಗಿ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುವ ಮಾತೇ ಬರಲಿಲ್ಲ. ನೇಕಾರರ ಮನೆಯಲ್ಲಿ ಅಳತೆ ಅಂದರೆ ನೂಲು. ಕಿಟಕಿಗೆ ಹಲಗೆ ತರಬೇಕೇ, ಕೊಡಕ್ಕೆ ಮುಚ್ಚಳ ತರಬೇಕೇ, ನೂಲು ಹಿಡಿದು, ಹರಿದು, ಜೇಬಿಗೆ ಹಾಕಿಕೊಂಡು ಹೋಗುವುದು. ಅಪ್ಪ ಗಂಜಿ ಹಾಕಿದ ನೂಲಿನ ಒಂದೆಳೆ ತೆಗೆದುಕೊಂಡು ಗುಂಡಿಗೆ ಬಗ್ಗಿದರು. ನನ್ನ ಒಂದು ಕಾಲನ್ನು ಹಲಗೆಯಿಂದ ಎತ್ತಿ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಅಳೆದು, ನೂಲನ್ನು ಹಲ್ಲಿನಿಂದ ಕಡಿದರು. ನಾನು ಲಾಳಿ ಕೈಯಲ್ಲಿಟ್ಟುಕೊಂಡೇ ಕೂತಿದ್ದೆ. ಸಂಜೆ ಹೊತ್ತಿಗೆ ಪೇಟೆಯಿಂದ ಡಬ್ಬಿಯಲ್ಲಿ ಶೂ ಬಂತು. ಪುಟ್ಟಗೆ, ಮುಂದೆ ಚೂಪಾಗಿ, ಬೊಂಬೆಗೆ ಹಾಕುವ ಹಾಗೆ ಚಂದ ಇತ್ತು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನೋಡಿ ಹೋದರು.

ಹಾಕಿಕೊಂಡರೆ ಬೆರಳು ಒಂದರ ಮೇಲೊಂದು ಹತ್ತಿ ಕೂತವು. ನಿಂತರೆ ಕಣ್ಣಲ್ಲಿ ನೀರು. ನೂಲಿನ ಅಳತೆಗೆ ಸರಿಯಾಗಿದೆಯಲ್ಲ, ನಿನಗೆ ಅಭ್ಯಾಸ ಇಲ್ಲ ಅಷ್ಟೇ ಅಂದರು ಅಪ್ಪ. "ಆಕ್ಕೊಂಡು ಆಕ್ಕೊಂಡು ಸರಿ ಓಗ್ತೈತೆ" ಅಂದಳು ಅಮ್ಮ. ಹರಳೆಣ್ಣೆ ಹಚ್ಚಿದರು. ಒಳಗೆ ಒದ್ದೆ ಬಟ್ಟೆ ತುರುಕಿ ರಾತ್ರಿಯಿಡೀ ಇಟ್ಟರು. ಹೊಸದು ಯಾವುದಾದರೂ ಮೊದಮೊದಲು ಕಚ್ಚುತ್ತದೆ ಅಂತ ಎದುರುಮನೆಯವರು ಸಮಾಧಾನ ಹೇಳಿದರು. ಶೂ ಎಂದರೆ ಹೀಗೇ ಇರುತ್ತದೇನೋ, ಹಾಕುವವರೆಲ್ಲ ಹೀಗೇ ಸಹಿಸಿಕೊಂಡು ನಡೆಯುತ್ತಾರೇನೋ ಅಂತ ನಾನೂ ನಂಬಿಬಿಟ್ಟೆ.

ಟ್ರೈನಿಂಗ್ ಶುರುವಾದ ಮೊದಲ ವಾರವೇ ಎರಡು ಹಿಮ್ಮಡಿಯೂ ಸುಲಿದುಹೋಯಿತು. ಕಿರುಬೆರಳಿನ ಉಗುರು ಕಪ್ಪಾಯಿತು. ಬೆಳಿಗ್ಗೆಯಿಂದ ವಾರ್ಡಿನಲ್ಲಿ ನಿಲ್ಲಬೇಕು, ಹಾಸಿಗೆ ಹಾಸಬೇಕು, ನೀರು ಹೊರಬೇಕು. ನಾನು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ. ಅದು ನಮಗೆ ಪಾಠ ಹೇಳುತ್ತಿದ್ದ ಟ್ಯೂಟರಮ್ಮನ ಕಣ್ಣಿಗೆ ಬಿತ್ತು. ಹುಟ್ಟಿನಿಂದಲೇ ಕಾಲಿನ ದೋಷ ಇದೆಯಾ, ಮುಚ್ಚಿಟ್ಟು ಸೇರಿಕೊಂಡೆಯಾ ಎಂದು ಎಲ್ಲರ ಮುಂದೆ ಕೇಳಿದರು. ಇಲ್ಲ, ಶೂ ಕಚ್ಚುತ್ತದೆ ಅಂದೆ. ಎಲ್ಲರೂ ಅದೇ ಥರದ್ದು ಹಾಕಿಕೊಂಡಿದ್ದಾರೆ, ಅವರಿಗೆ ಯಾಕೆ ಕಚ್ಚುವುದಿಲ್ಲ ಅಂದರು. ಸೋಮವಾರ ನೆಟ್ಟಗೆ ನಡೆದುಕೊಂಡು ಬರುವುದಾದರೆ ಬಾ, ಇಲ್ಲದಿದ್ದರೆ ಈ ಸೀಟಿಗಾಗಿ ಕಾಯುತ್ತಿರುವವರು ಬೇರೆ ಇದ್ದಾರೆ ಎಂದು ಹೇಳಿ ಕಳಿಸಿದರು. ಅದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಮಗ್ಗದ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಶೂಗಿಂತ ಜೋರಾಗಿ ಕಚ್ಚಿತು.

ಶನಿವಾರ ಸಂಜೆ ಅತ್ತೆ ಕೊಳತ್ತೂರಿನ ಬಸ್ಸಿಳಿದು ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದವಳಿಗೆ ಬಕೆಟ್ಟಿನಲ್ಲಿ ನೆನೆಹಾಕಿದ್ದ ನನ್ನ ಬಿಳಿ ಸಾಕ್ಸ್ ಕಂಡಿತು. ನೀರು ಕೆಂಪಗಿತ್ತು. ಸಾಕ್ಸನ್ನು ಹಿಂಡದೆ ಹಾಗೇ ಹಿಡಿದುಕೊಂಡು ಹಜಾರಕ್ಕೆ ಬಂದಳು. ಯಾರು ಅಳತೆ ತಗೊಂಡರು ಎಂದು ಕೇಳಿದಳು. ಅಪ್ಪ ಅಂದೆ. ಎಲ್ಲಿ ಅಂದಳು. ಗುಂಡಿಯಲ್ಲಿ ಅಂದೆ. ಮೊದಲು ನಕ್ಕಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಕೂತ್ಕೊಂಡು ಯಾರ್ಲಾ ನಡೀತಾರೆ? ನೇತಾಡೋ ಕಾಲ್ನ ಅಳತೆ ಮಾಡ್ಕೊಂಡ್ ಓಗವ್ನೆ ನೋಡು ಇವ್ನು! ನಿಂತ್ರೆ ಕಾಲು ಅಗಲ ಆಗಾಕಿಲ್ವಾ?"

ಅಪ್ಪ ಹೌದಲ್ಲ ಎಂಬಂತೆ ತಮ್ಮ ಕಾಲನ್ನೇ ನೋಡಿಕೊಂಡರು. ಅಮ್ಮ ಬಿಡಲಿಲ್ಲ. ಇನ್ನೊಂದು ವಾರ ಹಾಕಿಕೊಂಡರೆ ಚರ್ಮ ಗಟ್ಟಿಯಾಗುತ್ತದೆ, ಹೊಂದಿಕೊಳ್ಳುತ್ತದೆ ಅಂದಳು. ಅತ್ತೆ ಸಾಕ್ಸನ್ನು ಕೆಳಗಿಟ್ಟಳು.

"ನಂಗೂ ಇಂಗೇ ಅಂದಿದ್ರು. ಇದ್ದು ಇದ್ದು ಸರಿ ಓಗ್ತೈತೆ ಅಂದಿದ್ರು. ಸರಿ ಓಗಾಕಿಲ್ಲ. ಕಾಲೇ ಓಗ್ತೈತೆ."

ಮೊರಪ್ಪೂರಿನ ಆಚೆಯ ಆ ಮನೆಯ ಬಗ್ಗೆ ಅವಳ ಬಾಯಿಂದ ನಾನು ಕೇಳಿದ ಮಾತು ಇದೊಂದೇ. ಅಲ್ಲಿ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂದೂ ಇಲ್ಲ. ಅಷ್ಟು ಸಾಕಿತ್ತು. ಅಮ್ಮ ಸಾಕ್ಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಭಾನುವಾರ ಬೆಳಿಗ್ಗೆಯಿಂದ ಅತ್ತೆ ನನ್ನನ್ನು ಮಗ್ಗಕ್ಕೆ ಕೂರಿಸಿದಳು. ಸುಲಿದ ಹಿಮ್ಮಡಿಗೆ ಬಟ್ಟೆ ಸುತ್ತಿ, ತುಳಿ ಅಂದಳು. ಇವಳೂ ನನ್ನನ್ನು ಮಗ್ಗಕ್ಕೇ ಕಟ್ಟುತ್ತಾಳಾ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಆಮೇಲೆ ತಿಳಿಯಿತು, ಅವಳ ಲೆಕ್ಕವೇ ಬೇರೆ. ದುಡಿದು ಊದಿದ ಕಾಲಿಗೆ ಹಿಡಿಸಿದರೆ ಮಾತ್ರ ಅದು ದುಡಿಯುವವರ ಶೂ, ಎದ್ದ ಕೂಡಲೇ ಹಿಡಿಸುವುದು ಮದುವೆಮನೆಗೆ ಹೋಗುವವರದು ಅಂದಳು. ಸಂಜೆ ಬಿಸಿಲು ಇಳಿದ ಮೇಲೆ ಮುಖ ತೊಳೆಸಿ, ಕಚ್ಚುತ್ತಿದ್ದ ಶೂವನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೊರಟಳು. ಅವಳು ಬರಿಗಾಲಲ್ಲಿ ಮುಂದೆ, ನಾನು ರಬ್ಬರ್ ಚಪ್ಪಲಿಯಲ್ಲಿ ಹಿಂದೆ.

ಅಪ್ಪ ಆ ಶೂ ತಂದಿದ್ದ ಅಂಗಡಿಯವರು ನಮ್ಮನ್ನು ನೋಡಿದ್ದೇ ನೆಲದ ಮೇಲೆ ಹಳೆ ಪೇಪರ್ ಹಾಸಿದರು. ಗಿರಾಕಿಗಳಲ್ಲಿ ಬೇರೆ ಯಾರಿಗೂ ಹಾಸಿರಲಿಲ್ಲ. ಅತ್ತೆ ಆ ಪೇಪರನ್ನು ಮಡಚಿ ಅವರ ಗಲ್ಲಾದ ಮೇಲೆ ಇಟ್ಟು, ಬರಿ ನೆಲದ ಮೇಲೆ ನಿಂತಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವರು ಕಾಲು ಎತ್ತಿ ಹಿಡಿಯಲು ಹೋದರೆ, ಏಳು, ನೆಟ್ಟಗೆ ನಿಲ್ಲು, ಎರಡೂ ಕಾಲಿನ ಮೇಲೆ ಭಾರ ಬಿಡು ಅಂದಳು. ಡಬ್ಬಿಗಳು ಒಂದೊಂದಾಗಿ ಬಂದವು. ಉದ್ದ ಸರಿಯಾದರೆ ಅಗಲ ಸಾಲದು. ಅಗಲ ಸಿಕ್ಕಿತು ಅಂದುಕೊಂಡರೆ ಹಿಮ್ಮಡಿ ಕಳಚಿಕೊಂಡು ಬರುವುದು. ಶೂ ಹಾಕಿ ತೆಗೆದಂತೆಲ್ಲ ಪಕ್ಕದಲ್ಲಿದ್ದ ಹುಡುಗಿಯರು ನನ್ನ ಪಾದ ನೋಡಿ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡರು. ಭೂಮಿ ಬಾಯಿಬಿಡಬಾರದೇ ಅನಿಸಿತು. ಅಂಗಡಿಯವರು ಕೊನೆಗೆ ಬೇಸತ್ತು ಸೊಂಟಕ್ಕೆ ಕೈಕೊಟ್ಟರು.

"ಲೇಡೀಸ್‌ಲ ಇವ್ವಳವು ಅಗಲಂ ವರಾದುಮ್ಮಾ. ಇದು ಆಂಬಳೆ ಕಾಲ್."

ಹೆಂಗಸರದ್ದರಲ್ಲಿ ಇಷ್ಟು ಅಗಲ ಬರುವುದಿಲ್ಲವಂತೆ, ಇದು ಗಂಡಸಿನ ಕಾಲಂತೆ. ನನಗೆ ಆಗ ಮದುವೆಯ ವಯಸ್ಸು. ತುಂಬಿದ ಅಂಗಡಿಯಲ್ಲಿ ಆ ಮಾತು ಕೇಳಿ ನಾನು ಬೆರಳುಗಳನ್ನು ಒಳಕ್ಕೆ ಮಡಚಿಕೊಂಡೆ. ಅತ್ತೆ ಅದನ್ನು ನೋಡಿದಳು. ನನ್ನ ಭುಜ ಹಿಡಿದು, ಬೆರಳು ಬಿಚ್ಚು ಅಂತ ಕನ್ನಡದಲ್ಲಿ ನನಗೆ ಹೇಳಿ, ಅಂಗಡಿಯವರಿಗೆ ತಮಿಳಿನಲ್ಲಿ ಉತ್ತರ ಕೊಟ್ಟಳು.

"ಕಾಲ್ ತಪ್ಪಿಲ್ಲೆ. ಉಂಗ ಶೂದಾನ್ ತಪ್ಪು."

ಕಾಲು ತಪ್ಪಲ್ಲ, ನಿಮ್ಮ ಶೂನೇ ತಪ್ಪು! ಅಷ್ಟು ದಿನ ನನ್ನ ಕಾಲೇ ತಪ್ಪು ಅಂತ ಎಲ್ಲರೂ ಹೇಳಿದ್ದರು, ನಾನೂ ಒಪ್ಪಿಕೊಂಡಿದ್ದೆ. ಅದನ್ನು ತಿರುಗಿಸಿ ಹೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಆಮೇಲೆ ಅತ್ತೆ ಆಚೆ ಗೋಡೆಯ ಗಂಡಸರ ಕಪಾಟಿನ ಕಡೆ ಕೈ ತೋರಿಸಿದಳು. ಅಲ್ಲಿ ಬಿಳಿ ಕ್ಯಾನ್ವಾಸ್ ಶೂಗಳಿದ್ದವು, ಮುಂದೆ ಗುಂಡಗೆ, ಲೇಸು ಕಟ್ಟುವಂಥವು. ಅದು ಜೆಂಟ್ಸ್ ಎಂದರು ಅಂಗಡಿಯವರು. ಅತ್ತೆ ತಾನೇ ಹೋಗಿ ಒಂದನ್ನು ಎತ್ತಿಕೊಂಡು, ಒಳಗೆ ಯಾವನಾದರೂ ಗಂಡಸು ಕೂತಿದ್ದಾನಾ ಎಂದು ಕೇಳಿ, ಅದನ್ನು ತಲೆಕೆಳಗು ಮಾಡಿ ಎಲ್ಲರ ಮುಂದೆ ಕೊಡವಿ ತೋರಿಸಿದಳು. ಸುತ್ತಲಿದ್ದವರು ನಕ್ಕರು. ಈ ಸಲ ನಗು ನನ್ನ ಮೇಲಿನದಾಗಿರಲಿಲ್ಲ.

ಎರಡನೆಯ ಜೋಡಿಯೇ ಹಿಡಿಸಿತು. ಐದು ಬೆರಳೂ ತಮ್ಮ ತಮ್ಮ ಜಾಗದಲ್ಲಿ ಮಲಗಿದವು. ಹಿಮ್ಮಡಿ ಅಲ್ಲಾಡಲಿಲ್ಲ. ಲೇಸು ಕಟ್ಟಿಕೊಂಡು ನಿಂತೆ. ನೋವಿರಲಿಲ್ಲ. ಎಲ್ಲೂ ನೋವಿರಲಿಲ್ಲ... ನಾನು ಅತ್ತುಬಿಟ್ಟೆ. ಅತ್ತೆಗೆ ಅಳುವವರನ್ನು ಕಂಡರೆ ಆಗದು. ಅಳೋದನ್ನ ಆಮೇಲೆ ಇಟ್ಕೋ, ಮೊದಲು ನಡಿ ಅಂತ ನನ್ನ ಕೈ ಹಿಡಿದು ದುಡ್ಡು ಕೊಡುವ ಮೊದಲೇ ಅಂಗಡಿಯಿಂದ ಬೀದಿಗೆ ಇಳಿಸಿದಳು. ಬಾಳೆಹಣ್ಣಿನ ಗಾಡಿ, ಪಾತ್ರೆ ಅಂಗಡಿ, ಹೂವಿನವರು ಎಲ್ಲ ದಾಟಿ ಮೂಲೆಯವರೆಗೆ ನಡೆಸಿದಳು. ಅಂಗಡಿಯವರು ಅಮ್ಮಾ ಅಮ್ಮಾ ಅಂತ ಕೂಗುತ್ತ ಹಿಂದೆಯೇ ಓಡಿ ಬಂದರು. ಓಡಿಹೋಗುತ್ತೇವೆ ಅಂದುಕೊಂಡರೋ ಏನೋ. ಅತ್ತೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ನಿಂತು, ಕಚ್ಚುತ್ತದಾ ಎಂದು ಕೇಳಿದಳು. ಇಲ್ಲ ಅಂದೆ. ಸುಳ್ಳು ಹೇಳಬೇಡ ಅಂದಳು. ಇಲ್ಲ ಅತ್ತೆ, ನಿಜವಾಗಲೂ ಕಚ್ಚುವುದಿಲ್ಲ ಅಂದೆ. ಆಗ ಹಿಂದಕ್ಕೆ ಬಂದು ಸೆರಗಿನ ಗಂಟು ಬಿಚ್ಚಿದಳು. ಹಾಕಿದ ಶೂ ವಾಪಸು ತಗೊಳ್ಳುವುದಿಲ್ಲ ಎಂದು ಅಂಗಡಿಯವರು ಅಂದದ್ದಕ್ಕೆ, ಆ ಚೂಪು ಮೂತಿಯ ಜೋಡಿಯನ್ನು ಅವರ ಗಲ್ಲಾದ ಮೇಲಿದ್ದ ಪೇಪರಿನ ಮೇಲೇ ಇಟ್ಟು ಹೊರಟುಬಿಟ್ಟಳು.

ಸೋಮವಾರ ನನ್ನ ಜೊತೆ ಆಸ್ಪತ್ರೆಗೂ ಬಂದಳು. ಬೇಡ ಅಂದರೂ ಕೇಳಲಿಲ್ಲ. ಟ್ಯೂಟರಮ್ಮ ನನ್ನ ಕಾಲು ನೋಡಿದರು. ಇದು ಗಂಡಸರ ಶೂ, ನಿಯಮದಲ್ಲಿ ಇಲ್ಲ ಅಂದರು. ಸೀಟು ಹೋಯಿತು, ಮತ್ತೆ ಗುಂಡಿಯೇ ಗತಿ ಅಂದುಕೊಂಡೆ. ಬಾಗಿಲ ಹೊರಗೆ ನಿಂತಿದ್ದ ಅತ್ತೆ ಒಳಗೆ ಬಂದು ತಮಿಳಿನಲ್ಲಿ ಕೇಳಿದಳು: ಬಿಳಿ ಇದೆಯಾ? ಇದೆ. ಮುಂದೆ ಮುಚ್ಚಿದೆಯಾ? ಮುಚ್ಚಿದೆ. ನೀವು ನೆಟ್ಟಗೆ ನಡೆಯುವ ಹುಡುಗಿಯನ್ನು ಕೇಳಿದಿರಿ, ನಡೆಸಿ ನೋಡಿ. ನೀವು ಯಾರು ಅಂದರು ಟ್ಯೂಟರಮ್ಮ. ಅತ್ತೆ ನನ್ನ ಕಡೆ ತಿರುಗಿದಳು.

"ನಡಿಯೇ."

ನಾನು ನಡೆದೆ. ವಾರ್ಡಿನ ಈ ತುದಿಯಿಂದ ಆ ತುದಿಗೆ, ಎರಡು ಸಾಲು ಹಾಸಿಗೆಗಳ ನಡುವೆ. ಗೋಡೆ ಹಿಡಿಯಲಿಲ್ಲ. ಮಲಗಿದ್ದ ಹೆಂಗಸರು ತಲೆ ಎತ್ತಿ ನನ್ನ ಕಾಲನ್ನು ನೋಡಿದರು. ನೋಡಲಿ ಅನಿಸಿತು. ತಿರುಗಿ ಬರುವಾಗ ನನ್ನ ಹೆಜ್ಜೆ ತಾನಾಗಿಯೇ ಜೋರಾಯಿತು. ಟ್ಯೂಟರಮ್ಮ ನನ್ನನ್ನು, ಅತ್ತೆಯನ್ನು, ಅತ್ತೆಯ ಬರಿಗಾಲನ್ನು ನೋಡಿ, ಪಾಲಿಶ್ ಸರಿಯಾಗಿ ಹಚ್ಚಿಕೊಂಡು ಬಾ ಎಂದಷ್ಟೇ ಹೇಳಿ ಹೋದರು. ಟ್ರೈನಿಂಗ್ ಮುಗಿಯುವವರೆಗೂ ಅವರು ನನ್ನ ಕಡೆ ನೋಡಿ ನಗಲಿಲ್ಲ. ನನಗೆ ಅವರ ನಗು ಬೇಕಾಗಿರಲೂ ಇಲ್ಲ.

ಬೀದಿಯವರು ಮಾತಾಡಿಕೊಂಡರು. ಗಂಡಸರ ಶೂ ಮೆಟ್ಟಿಕೊಂಡು ಹೋಗುತ್ತಾಳೆ, ಇವಳನ್ನು ಯಾರು ಮದುವೆಯಾಗುತ್ತಾರೆ ಅಂತ ಜಗಲಿಯ ಮೇಲೆ ಕೂತವರು ನನಗೆ ಕೇಳಿಸುವ ಹಾಗೇ ಅನ್ನುತ್ತಿದ್ದರು. ಅತ್ತೆ ಮಗ್ಗದಲ್ಲಿ ಕೂತೇ, ಅವಳನ್ನ ಕಟ್ಕೊಳ್ಳೋನು ಶೂ ನೋಡಿ ಬರೋದಾದ್ರೆ ಅಂಗಡೀಗೇ ಓಗ್ಲಿ ಎಂದು ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗುತ್ತಿದ್ದಳು. ಒಂದಕ್ಕೆ ಮಾತ್ರ ಅವಳೂ ಬಗ್ಗುತ್ತಿದ್ದಳು. ಗಂಜಿ ಹಾಕಿದ ಹಾಸಿನ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ ಒಣಗಿಸುವ ಬೆಳಿಗ್ಗೆಗಳಲ್ಲಿ ನಾನು ಶೂವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು. ಅನ್ನ ಕೊಡುವ ನೂಲಿನ ಹತ್ತಿರ ಮೆಟ್ಟಿಕೊಂಡು ಹೋಗಬಾರದು ಅನ್ನುತ್ತಿದ್ದಳು. ಬೀದಿಯ ಕೊನೆಯಲ್ಲಿ ಕೂತು ಲೇಸು ಕಟ್ಟಿಕೊಂಡು ಬಸ್ಸು ಹಿಡಿಯುತ್ತಿದ್ದೆ.

ಕೆಲಸ ಸಿಕ್ಕಿತು. ಮದುವೆಯೂ ಆಯಿತು, ಶೂ ನೋಡದೆ ಬಂದವನ ಜೊತೆ. ಅತ್ತೆಗೆ ಮೆತ್ತನೆಯ ಚಪ್ಪಲಿ ಕೊಡಿಸುತ್ತೇನೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಅವಳ ಕಾಲಿಗೆ ಯಾರೂ ಏನೂ ತೊಡಿಸುವ ಹಾಗಿರಲಿಲ್ಲ.

ಅವಳು ಹೋದದ್ದು ಒಂದು ಮಧ್ಯಾಹ್ನ, ಹಜಾರದಲ್ಲಿ ಚಾಪೆಯ ಮೇಲೆ. ಸುದ್ದಿ ತಿಳಿದು ನಾನು ಡ್ಯೂಟಿಯಿಂದ ಓಡಿ ಬಂದಾಗ ಹೆಂಗಸರು ಸುತ್ತ ಕೂತಿದ್ದರು. ದೂರದ ನೆಂಟರ ಅಜ್ಜಿಯೊಬ್ಬರು ಹೆಬ್ಬೆರಳು ಕಟ್ಟಲು ಬಟ್ಟೆಯ ಪಟ್ಟಿ ಹಿಡಿದುಕೊಂಡು ಕಾಲಿನ ಹತ್ತಿರ ಬಗ್ಗಿದ್ದರು. ಸತ್ತವರ ಎರಡೂ ಹೆಬ್ಬೆರಳನ್ನು ಜೋಡಿಸಿ ಕಟ್ಟುವುದು ಎಲ್ಲ ಕಡೆ ಇರುವ ಪದ್ಧತಿ. ವಾರ್ಡಿನಲ್ಲಿ ನನ್ನ ಕೈಯಾರೆ ಎಷ್ಟು ಜನಕ್ಕೆ ಕಟ್ಟಿದ್ದೇನೋ... ಆದರೆ ಅತ್ತೆಯ ಪಾದ ಎರಡೂ ಹೊರಕ್ಕೆ ಬಿದ್ದಿದ್ದವು, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಅಜ್ಜಿ ಜೋಡಿಸಿ ಹಿಡಿದರೆ ಜಾರಿಕೊಂಡು ಬೇರೆಯಾಗುತ್ತಿದ್ದವು. ಸೇರುತ್ತಲೇ ಇಲ್ಲ, ಯಾರಾದರೂ ಒತ್ತಿ ಹಿಡಿದುಕೊಳ್ಳಿ, ಬಿಗಿಯಾಗಿ ಎಳೆದು ಕಟ್ಟೋಣ ಎಂದರು. ಇಬ್ಬರು ಮುಂದೆ ಬಂದು ಅತ್ತೆಯ ಪಾದದ ಮೇಲೆ ಕೈಯಿಟ್ಟು ಅಮುಕಿದರು.

"ಬಿಡಿ" ಅಂದೆ. "ಕಟ್ಬೇಡಿ. ಅಂಗೇ ಓಗ್ಲಿ."

ಶಾಸ್ತ್ರ ಅಂದರು. ನೋಡಿದವರು ಏನಂದಾರು ಅಂದರು. ಅಪ್ಪ ಇಲ್ಲವಾಗಿ ಆಗಲೇ ಕೆಲವು ವರ್ಷವಾಗಿತ್ತು, ಅಮ್ಮ ಮೂಲೆಯಲ್ಲಿ ಕೂತಿದ್ದಳು. ಅವಳು ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಅಜ್ಜಿಯ ಕೈಯಿಂದ ಬಟ್ಟೆಯ ಪಟ್ಟಿಯನ್ನು ತೆಗೆದುಕೊಂಡಳು. ಅತ್ತೆ ಹಾಗೇ ಹೋದಳು, ಪಾದ ಎರಡೂ ತಮಗೆ ಬೇಕಾದ ಕಡೆ ತಿರುಗಿಕೊಂಡು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಗುಂಡಿಗಳನ್ನು ಮುಚ್ಚಿ ಟೈಲ್ಸ್ ಹಾಕಿಸಿದ್ದಾರೆ ಎಂದು ಕೇಳಿದೆ, ಹೋಗಿ ನೋಡಿಲ್ಲ. ಏನಾದರೂ ಎಡವಟ್ಟಾದಾಗ ನನ್ನ ಪರವಾಗಿ ಕೂಗಾಡುವವರು ಯಾರೂ ಇಲ್ಲ. ಐವತ್ತರ ಹತ್ತಿರ ಬಂದರೂ ಅದೊಂದು ಕೊರತೆ ಹಾಗೇ ಇದೆ, ತುಂಬುವುದಿಲ್ಲ. ಹೋದ ವಾರ ಸೀದ ಒಗ್ಗರಣೆಯನ್ನು ಚೆಲ್ಲಿ ಬಂದು ಮಗಳ ಪಕ್ಕ ಕೂತೆ. ನಾನು ಹೋದ ದಿನ ನನ್ನ ಕಾಲನ್ನೂ ಕಟ್ಟಲು ಬಿಡಬೇಡ, ಯಾರು ಏನಂದರೂ ಬಿಡಬೇಡ ಎಂದು ಹೇಳಿದೆ. ಅವಳಿಗೆ ತಮಿಳೇ ಸಲೀಸು. ಫೋನಿನಿಂದ ತಲೆ ಎತ್ತಿ, "ಸುಮ್ಮಾ ಇರುಮ್ಮಾ" ಅಂದಳು.

ಸುಮ್ಮನಿರುವುದನ್ನು ಅತ್ತೆ ನನಗೆ ಕಲಿಸಲಿಲ್ಲ. ಮಗಳು ಹೂಂ ಅನ್ನುವವರೆಗೂ ಮತ್ತೆ ಮತ್ತೆ ಹೇಳಿದೆ.